ಇಳಕಲ್ ದಾರಿಯ ಪೆಟ್ರೋಲ್ ವಾಸನೆ

ಬಾಗಲಕೋಟೆಯ ನವನಗರದಿಂದ ನಾವು ಹೊರಟಾಗ ಬೆಳಗಿನ ಏಳೂವರೆ. ದೀಪಾವಳಿ ಮುಗಿದು ಹದಿನೈದು ದಿನವಾಗಿತ್ತು, ಗಾಳಿಯಲ್ಲಿ ಸಣ್ಣಗೆ ಚಳಿಯಿತ್ತು. ಇಳಕಲ್ಲಿಗೆ ನೇರ ದಾರಿ ಹಿಡಿದರೆ ಎರಡು ತಾಸಿನೊಳಗೆ ಮುಟ್ಟಬಹುದು. ಆದರೆ ನನ್ನ ಹೆಂಡತಿ ಶಾರದಾ ಬನಶಂಕರಿಗೆ ಉಡಿ ತುಂಬುವ ಹರಕೆ ಹೊತ್ತಿದ್ದಳು. ಹಾಗಾಗಿ ಮೊದಲು ಬಾದಾಮಿಗೆ ಹೋಗಿ, ಅಲ್ಲಿಂದ ಐಹೊಳೆ, ಅಮೀನಗಡ, ಹುನಗುಂದದ ಮೇಲೆ ಇಳಕಲ್ಲು ಸೇರುವುದೆಂದು ಗೊತ್ತು ಮಾಡಿಕೊಂಡಿದ್ದೆವು. ಮರುದಿನ ಮಗಳು ಗೌರಿಯನ್ನು ಕರೆದುಕೊಂಡು ನೇರ ದಾರಿಯಲ್ಲಿ ಊರಿಗೆ ತಿರುಗುವುದು. ಅವಳಿಗೆ ಏಳನೆಯ ತಿಂಗಳು. ಗಂಡನ ಮನೆಯಲ್ಲಿ ಕುಬುಸದ ಕಾರ್ಯ ಮುಗಿಸಿ, ಮೊದಲ ಹೆರಿಗೆಗೆ ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಹಿಂದಿನ ಸೀಟಿನಲ್ಲಿ ಹಸಿರು ಸೀರೆ, ಬಳೆಗಳ ಡಬ್ಬಿ, ಕೊಬ್ಬರಿ ಬಟ್ಟಲು, ಐದು ತರದ ತಿಂಡಿ ತುಂಬಿದ ಬುಟ್ಟಿ ಕುಳಿತಿದ್ದವು.

ನಾನು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಕಿರಾಣಿ ಅಂಗಡಿಯ ತಕ್ಕಡಿ, ಅಡತಿ ಅಂಗಡಿಯ ಕಾಟಾ, ಪೆಟ್ರೋಲ್ ಪಂಪಿನ ಅಳತೆ ಎಲ್ಲವನ್ನೂ ಸಂಶಯದಿಂದ ನೋಡಲೆಂದೇ ಸರಕಾರ ನನಗೆ ಪಗಾರ ಕೊಟ್ಟಿತ್ತು. ಮುದ್ರೆ ಬಿದ್ದ ತೂಕದ ಕಲ್ಲು ಖರೆ, ಮುದ್ರೆಯಿಲ್ಲದ್ದು ಖೊಟ್ಟಿ. ಸವೆದು ಹಗುರಾದ ಕಲ್ಲು ಸಿಕ್ಕರೆ ಅದರ ಮುದ್ರೆಯ ಮೇಲೆ ಉಳಿಯಿಟ್ಟು ಹೊಡೆದು ಅಳಿಸಿ, ಅದು ಮತ್ತೆ ತಕ್ಕಡಿ ಏರದಂತೆ ಮಾಡುತ್ತಿದ್ದೆ. ಪಗಾರ ನಿಂತು ನಾಲ್ಕು ವರ್ಷವಾಯಿತು, ಸಂಶಯ ಮಾತ್ರ ನಿಂತಿಲ್ಲ. ಹಾಲಿನವನು, ಹೂವಿನವಳು, ಔಷಧ ಅಂಗಡಿಯವನು ಯಾರೂ ಇದರಿಂದ ಪಾರಾಗಿಲ್ಲ. ಶಾರದಾ ಇದನ್ನು ನನ್ನ ಬಿ.ಪಿ. ಗುಳಿಗೆಯ ಜೊತೆಗೆ ಸೇರಿಸಿ ಸಹಿಸಿಕೊಂಡಿದ್ದಾಳೆ.

ನಮ್ಮ ಕಾರು ಹನ್ನೆರಡು ವರ್ಷದ್ದು, ಪೆಟ್ರೋಲಿನದು. ತಿಂಗಳ ಹಿಂದೆ ಊರಲ್ಲೇ ಒಂದು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದೆ. ಆಗಿನಿಂದ ಆಗೊಮ್ಮೆ ಈಗೊಮ್ಮೆ ಪೆಟ್ರೋಲಿನ ವಾಸನೆ ಬರುತ್ತಿತ್ತು. ನಾನು ಅದನ್ನು ಪಂಪಿನವರ ಮೇಲೆ ಹಾಕಿದ್ದೆ. ಟ್ಯಾಂಕ್ ತುಂಬಿಸುವಾಗ ಚೆಲ್ಲಿರುತ್ತಾರೆ, ಚೆಲ್ಲಿದ್ದನ್ನೂ ನಮ್ಮ ಲೆಕ್ಕಕ್ಕೇ ಹಿಡಿದಿರುತ್ತಾರೆ ಎಂಬುದು ನನ್ನ ವಾದ.

ಒಂಬತ್ತಕ್ಕೆ ಬನಶಂಕರಿ ಮುಟ್ಟಿದೆವು. ಗಾಡಿ ನಿಲ್ಲಿಸಲು ಇಪ್ಪತ್ತು ರೂಪಾಯಿ ತೆಗೆದುಕೊಂಡರು, ಚೀಟಿ ಕೇಳಿ ಪಡೆದೆ. ಉಡಿ ತುಂಬಿ, ಹೊಂಡದ ಕಟ್ಟೆಯ ಮೇಲೆ ಅಜ್ಜಿಯೊಬ್ಬಳ ಬುಟ್ಟಿಯಿಂದ ರೊಟ್ಟಿ, ಮಡಕಿಕಾಳಿನ ಪಲ್ಯ, ಕೆನೆಮೊಸರು ತಿಂದೆವು. ಬಿಸಿಲು ಏರಿತ್ತು. ತಿರುಗಿ ಬಾದಾಮಿ ಊರೊಳಗೆ ಬರುವಷ್ಟರಲ್ಲಿ ಕಾರಿನೊಳಗೆ ವಾಸನೆ ಗಪ್ಪನೆ ತುಂಬಿತು. ಎಂಜಿನ್ನೂ ಬಿಕ್ಕಳಿಸತೊಡಗಿತು. ಶಾರದಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ನಾಳೆ ಇದರಾಗ ಗೌರೀನ ಕೂಡಸ್ತೀರೇನು?" ಎಂದು ಕೇಳಿದಳು.

ಸ್ಟೇಷನ್ ರಸ್ತೆಯಲ್ಲಿ ಒಂದು ಗ್ಯಾರೇಜು ಕಂಡಿತು. ತಗಡಿನ ಚಪ್ಪರ, ಬೇವಿನ ಗಿಡ, ಗಿಡದ ಬುಡದಲ್ಲಿ ಎರಡು ಟ್ರ್ಯಾಕ್ಟರ್. ಮೆಕ್ಯಾನಿಕ್ಕಿನ ಹೆಸರು ಸಂಗಪ್ಪ. ಐವತ್ತರ ಆಸುಪಾಸಿನ ಆಳು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅಂಗಿಯ ಕಿಸೆಯಲ್ಲಿ ಇನ್ನೊಂದು ವಿಭೂತಿ ಗಟ್ಟಿ. ಇಷ್ಟು ಎದ್ದು ಕಾಣುವ ಭಕ್ತಿಯನ್ನು ಕಂಡರೆ ನನಗೆ ಮೊದಲೇ ಅನುಮಾನ. ತಕ್ಕಡಿಗೆ ಊದುಬತ್ತಿ ಬೆಳಗುವ ಅಂಗಡಿಗಳನ್ನೇ ನಾನು ಮೊದಲು ತಪಾಸಣೆ ಮಾಡುತ್ತಿದ್ದೆ.

"ಯಜಮಾನ್ರ, ಚಾವಿ ತಗೀರಿ. ಅವ್ವಾರ, ನೀವು ಆ ಗಿಡದ ಕೆಳಗ ಕುಂದರ್ರಿ" ಎಂದ ಸಂಗಪ್ಪ. ಬಾನೆಟ್ ಎತ್ತಿ ಮೂಗು ಅರಳಿಸಿದ. ಬ್ಯಾಟರಿಯ ವೈರು ಬಿಚ್ಚಿಟ್ಟು, ಎಂಜಿನ್ ತಣ್ಣಗಾಗಲೆಂದು ಅರ್ಧ ತಾಸು ಬೇವಿನ ನೆರಳಿಗೆ ಸುಮ್ಮನೆ ಕುಳಿತ. ಕಾಲ ಕಳೆದು ಹೆಚ್ಚು ಕೇಳುವ ಹುನ್ನಾರವೆಂದು ನಾನು ಬಗೆದೆ.

ಆಮೇಲೆ ಅವನು ಮಾಡಿದ ಕೆಲಸ ನೋಡಿ ನನಗೆ ನಗು ಬಂತು. ಪೆಟ್ರೋಲ್ ಪೈಪುಗಳನ್ನು ಒಣ ಅರಿವೆಯಿಂದ ಒರೆಸಿದ. ಕಿಸೆಯಿಂದ ವಿಭೂತಿ ಗಟ್ಟಿ ತೆಗೆದು, ಬೆರಳಿನಿಂದ ಉಜ್ಜಿ, ಎಂಜಿನ್ನಿನ ಒಂದೊಂದು ಜೋಡಣೆಯ ಮೇಲೂ ಬೂದಿ ಉದುರಿಸಿದ.

"ಪೂಜಾ ಆತೇನ್ರಿ? ಇನ್ನ ಕಾಯಿ ಒಡೀತೀರೇನು?" ಎಂದೆ.

"ಪೂಜಾ ಅಲ್ರಿ ಸಾಹೇಬ್ರ. ಪೆಟ್ರೋಲ್ ಹನಿ ಕಣ್ಣಿಗೆ ಬೀಳಾಂಗಿಲ್ಲ, ಗಾಳಿಗೆ ಆರಿ ಹೋಗತೈತಿ. ಈಬತ್ತಿ ಹಚ್ಚಿದ್ರ ಹಸಿ ಆದಲ್ಲೆ ಕರ್ರಗ ಆಕ್ಕೈತಿ. ಸಾಲ್ಯಾಗ ಬರಿಯೂ ಖಡು ಹಚ್ಚಿದ್ರೂ ನಡೀತೈತಿ, ಆದ್ರ ಇದು ಸಣ್ಣಗ ಕುಂದರತೈತಿ ನೋಡ್ರಿ."

ಬ್ಯಾಟರಿ ವೈರು ಜೋಡಿಸಿ, ಎಂಜಿನ್ ಚಾಲೂ ಮಾಡದೆ ಚಾವಿಯನ್ನಷ್ಟೇ ತಿರುವಿದ. ಟ್ಯಾಂಕಿನೊಳಗಿನ ಪಂಪು ಎರಡು ಸೆಕೆಂಡು ಗುಂಯ್ ಎಂದಿತು. ಹೀಗೆ ಮೂರು ಸಲ ಮಾಡಿ ನನ್ನನ್ನು ಕರೆದ. ಹಿಂದಿನ ಒಂದು ರಬ್ಬರ್ ಪೈಪಿನ ಬಾಯಿ ತುಸು ಒದ್ದೆಯಾಗಿತ್ತು. ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಪೈಪಿನ ತುದಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ಕನೆಕ್ಟರ್ ಇತ್ತು. ಅದರ ಕುತ್ತಿಗೆಯ ಸುತ್ತ ಬಿಳಿ ಬೂದಿಯ ನಡುವೆ ಕಪ್ಪು ಗೆರೆ ಮೂಡಿತ್ತು.

ಬೆರಳಿಗೆ ಮೊದಲೇ ಪೆಟ್ರೋಲ್ ಹಚ್ಚಿಕೊಂಡಿದ್ದನೋ ಏನೋ ಎಂದು ನಾನು ಅವನ ಕೈಯನ್ನೇ ನೋಡಿದೆ. ಕೈತುಂಬ ಎಂಜಿನ್ ಎಣ್ಣೆ, ಏನೂ ತಿಳಿಯಲಿಲ್ಲ. ತಿಳಿಯದ್ದೇ ನನ್ನ ಅನುಮಾನಕ್ಕೆ ಸಾಕಾಯಿತು.

"ಎಂಜಿನ್ ಬಿಚ್ಚೂಮುಂದ ಇದನ್ನ ಎಳದೆಳದು ತಗದಾರ" ಎಂದ ಸಂಗಪ್ಪ. "ಒಳಗ ಎರಡು ಹಲ್ಲು ಅದಾವ, ಟಿಕ್ ಅಂತ ಕಚ್ಚಿ ಹಿಡೀಬೇಕು. ಹಲ್ಲು ಸವದಾವು, ಒಳಗಿನ ರಬ್ಬರ್ ಬಳಿನೂ ಬಿರಸಾಗೇತಿ. ಪೂರಾ ಥಂಡ ಇದ್ದಾಗ ಹಿಡೀತೈತಿ, ಒಮ್ಮಿ ಕಾದ ಮ್ಯಾಲೆ ಬಿಡತೈತಿ. ಇದು, ಆ ಹಿಂದಿನ ರಬ್ಬರ್ ಪೈಪು, ಎರಡೂ ಹೊಸಾದು ಹಾಕ್ತೇನ್ರಿ."

ಅವನು ಹೊಸ ಸಾಮಾನು ತರಲು ಹೋದಾಗ ನಾನು ಗ್ಯಾರೇಜಿನ ಮೂಲೆಮೂಲೆ ನೋಡಿ ಬಂದೆ. ಒಂದು ಡಬ್ಬಿಯ ತುಂಬ ತುಂಡು ಮಾಡಿದ ಪೈಪು, ಕತ್ತರಿಸಿದ ಬೆಲ್ಟು, ಒಡೆದ ಪ್ಲಾಸ್ಟಿಕ್ಕು. ಒಂದೂ ಇಡಿಯಾಗಿರಲಿಲ್ಲ. ಶಾರದಾ ಅತ್ತ ಬೇವಿನ ಗಿಡದ ಕೆಳಗೆ ಕುಳಿತು, ಬಂದು ಹೋಗುವವರ ಜೊತೆಯೆಲ್ಲ ಮಾತಾಡುತ್ತಿದ್ದಳು. ಸಂಗಪ್ಪ ಮರಳಿ ಬಂದು, ಹಿಂದಿನ ರಬ್ಬರ್ ಪೈಪನ್ನು ಬದಲಿಸಿ, ಕನೆಕ್ಟರನ್ನೂ ಅದರ ಗೇಣುದ್ದದ ಪೈಪಿನ ಸಮೇತ ಬದಲಿಸಿದ. ಎಳೆದು ನೋಡಿದ, ಟಿಕ್ ಎಂದದ್ದು ನನಗೂ ಕೇಳಿಸಿತು. ಮತ್ತೆ ವಿಭೂತಿ, ಮತ್ತೆ ಚಾವಿ. ಎಂಜಿನ್ ಹತ್ತು ನಿಮಿಷ ಓಡಿದರೂ ಬೂದಿ ಬೆಳ್ಳಗೇ ಉಳಿಯಿತು. ಈ ಸಲ ಬೆರಳು ಒರೆಸಿಕೊಂಡಿರಬೇಕು ಎಂದುಕೊಂಡೆ.

"ಹಳೇ ಸಾಮಾನು ನಂಗ ಬೇಕು" ಎಂದೆ. ಯಾವ ಗ್ಯಾರೇಜಿನಲ್ಲಿಯೂ ನಾನು ಇದನ್ನು ಕೇಳದೆ ಬಿಡುವುದಿಲ್ಲ.

"ಕೊಡ್ತೇನಲ್ರಿ" ಎಂದು ಸಂಗಪ್ಪ ಇಕ್ಕಳ ತೆಗೆದುಕೊಂಡು ಹಳೆಯ ರಬ್ಬರ್ ಪೈಪನ್ನು ಕಚಕ್ಕನೆ ಎರಡು ತುಂಡು ಮಾಡಿದ. ಕನೆಕ್ಟರಿಗೆ ಇಕ್ಕಳ ಹಾಕುವಷ್ಟರಲ್ಲಿ ನಾನು ಅವನ ಕೈ ಹಿಡಿದೆ.

"ತಡೀರಿ! ಯಾಕ ತುಂಡ ಮಾಡ್ತೀರಿ?"

"ನಮ್ಮಲ್ಲೆ ಪದ್ಧತಿ ಐತ್ರಿ. ಸವದ ಸಾಮಾನು ಇಡೀ ಇದ್ರ ಹೆಂಗರ ಮಾಡಿ ತಿರುಗಿ ಯಾರದರ ಗಾಡಿಗೆ ಹತ್ತತೈತಿ. ತುಂಡ ಮಾಡೇ ಕೊಡೂದು."

ಸಾಕ್ಷಿ ನಾಶ ಮಾಡುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಸುಸ್ಥಿತಿಯ ಸಾಮಾನನ್ನು ಕೆಟ್ಟಿದೆಯೆಂದು ಹೇಳಿ ಬದಲಿಸಿ, ಆಮೇಲೆ ಅದನ್ನು ಮುರಿದು ಕೈಗಿಟ್ಟರೆ ಯಾರು ಏನು ಹೇಳಬಲ್ಲರು? ನಾನು ಬಿಡಲಿಲ್ಲ. ಸಂಗಪ್ಪ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಇಕ್ಕಳ ಕೆಳಗಿಟ್ಟ.

"ನಿಮ್ಮ ಸಾಮಾನು, ನಿಮ್ಮ ಮರ್ಜಿ. ಆದ್ರ ಇದನ್ನ ಯಾವ ಗಾಡಿಗೂ ಹಾಕಸಬ್ಯಾಡ್ರಿ" ಎಂದು ಕನೆಕ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟ. ತನ್ನ ಫೋನ್ ನಂಬರು ಬರೆದ ಚೀಟಿಯನ್ನು ನನಗೆ ಕೊಡದೆ ಶಾರದಾಳ ಕೈಗೆ ಕೊಟ್ಟ. ಅದೂ ನನಗೆ ಸೇರಲಿಲ್ಲ.

ಪಟ್ಟದಕಲ್ಲಿನ ಮೇಲೆ ಐಹೊಳೆಯ ದಾರಿ ಹಿಡಿದೆವು. ಎರಡೂ ಕಡೆ ಎದೆಯೆತ್ತರದ ಜೋಳ, ನಡುನಡುವೆ ಸೂರ್ಯಕಾಂತಿ, ಮಲಪ್ರಭೆಯಲ್ಲಿ ಇನ್ನೂ ನೀರಿತ್ತು. ಪ್ರವಾಸಿಗರು ಗುಡಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಐಹೊಳೆಯಲ್ಲಿ ದುರ್ಗದ ಗುಡಿಯ ಹೊರಗೆ ಗಿಡದ ನೆರಳಿಗೆ ಗಾಡಿ ನಿಲ್ಲಿಸಿ, ಗುಡಿಗೆ ಬೆನ್ನು ಮಾಡಿ, ಬಾನೆಟ್ ಎತ್ತಿ ಹೊಸ ಕನೆಕ್ಟರನ್ನು ನೋಡುತ್ತ ನಿಂತೆ. ವಾಸನೆ ಇರಲಿಲ್ಲ. ಆದರೆ ಕನೆಕ್ಟರಿನ ಮೇಲೆ ಕಂಪನಿಯ ಹೆಸರಿಲ್ಲ, ನಂಬರಿಲ್ಲ, ಯಾವ ಮುದ್ರೆಯೂ ಇಲ್ಲ. ಚೀಲದೊಳಗಿನ ಹಳೆಯದನ್ನು ತೆಗೆದು ನೋಡಿದೆ. ಅದರ ಬೆನ್ನ ಮೇಲೆ ಕಂಪನಿಯ ಗುರುತು ಉಬ್ಬಕ್ಷರದಲ್ಲಿ ಸ್ಪಷ್ಟವಾಗಿತ್ತು. ನನ್ನ ಮೂವತ್ತು ವರ್ಷದ ನೌಕರಿ ಒಳಗಿನಿಂದ ಎದ್ದು ಕುಳಿತಿತು.

"ವಾಸನಿ ಹೋತಿಲ್ಲೋ? ಮತ್ತ್ಯಾಕ ಅದರ ಮಾರಿ ನೋಡ್ತೀರಿ?" ಎಂದಳು ಶಾರದಾ.

"ವಾಸನಿ ಹೋಗಿದ್ದು ರಬ್ಬರ್ ಪೈಪ್ ಬದಲಿ ಮಾಡಿದ್ದಕ್ಕ. ಇದನ್ನ ಸುಮ್ನ ಬದಲಿ ಮಾಡ್ಯಾನ. ಅಸಲಿ ತಗದು ನಕಲಿ ಹಾಕ್ಯಾನ."

"ಅಸಲಿ ಚೀಲದಾಗ ನಿಮ್ಮ ಕೈಯಾಗೇ ಐತಲ್ರಿ, ಅವ್ನೇನು ಇಟ್ಕೊಂಡಾನೇನು?"

"ನಾ ಕೈ ಹಿಡದೆ, ಅದಕ್ಕ ಉಳೀತು" ಎಂದೆ. ಅವಳು ಬುಟ್ಟಿಯಿಂದ ಒಂದು ಕರಿಗಡಬು ತೆಗೆದು ನನ್ನ ಬಾಯಿಗೆ ಕೊಟ್ಟಳು. ಮಾತು ನಿಲ್ಲಿಸಲು ಅವಳಿಗೆ ಗೊತ್ತಿರುವ ಉಪಾಯ ಅದೊಂದೇ.

ಅಮೀನಗಡದಲ್ಲಿ ಮಧ್ಯಾಹ್ನ ಒಂದೂವರೆಗೆ ಇಳಿದೆವು. ಬೀಗರ ಮನೆಗೆ ಕರದಂಟು ಒಯ್ಯದೆ ಹೋಗುವಂತಿಲ್ಲ. ಅಂಗಡಿಯಾತ ಎರಡು ಕಿಲೋ ತೂಗಿಕೊಟ್ಟ. ಪೊಟ್ಟಣವನ್ನು ಕೈಯಲ್ಲಿ ಎತ್ತಿ ಹಿಡಿದು ನೋಡಿದೆ. ನನ್ನ ಅಂಗೈಗೆ ಹತ್ತು ಗ್ರಾಮಿನ ವ್ಯತ್ಯಾಸವೂ ತಿಳಿಯುತ್ತದೆಂದು ನನಗೆ ಹೆಮ್ಮೆ. "ಮತ್ತೊಮ್ಮೆ ತೂಗ್ರಿ" ಎಂದೆ. ತೂಗಿದ, ಎರಡು ಕಿಲೋಕ್ಕಿಂತ ತುಸು ಹೆಚ್ಚೇ ಇತ್ತು. ಅಂಗಡಿಯಾತ ನಕ್ಕು, ಶಾರದಾಳ ಕೈಗೆ ಇನ್ನೊಂದು ತುಂಡು ಇಟ್ಟ. ಅಂಗೈ ತಪ್ಪು ಹೇಳಿದ್ದು ಅದೇ ಮೊದಲ ಸಲ. ಆಗಲೇ ನನಗೆ ಎಚ್ಚರವಾಗಬೇಕಿತ್ತು.

ಹುನಗುಂದ ಬರುವ ಹೊತ್ತಿಗೆ ನನ್ನ ತಲೆಯಲ್ಲಿ ಬೇರೆ ಏನೂ ಉಳಿದಿರಲಿಲ್ಲ. ಮಗಳನ್ನು ಕೂಡಿಸುವ ಗಾಡಿಯಲ್ಲಿ ಖೊಟ್ಟಿ ಸಾಮಾನು ಇರಕೂಡದು. ಊರು ದಾಟುವ ಮೊದಲು ದಾವಲಸಾಬ ಎಂಬ ಮೆಕ್ಯಾನಿಕ್ಕಿನ ಅಂಗಡಿ ಸಿಕ್ಕಿತು. ಇವನು ಸಣಕಲು ಆಳು, ಕಡಿಮೆ ಮಾತಿನವನು. ಹೊಸ ಕನೆಕ್ಟರನ್ನು ಹಿಡಿದು ಎಳೆದು ನೋಡಿದ.

"ಛಲೋ ಕುಂತೈತ್ರಿ. ಯಾಕ ತಗೀಬೇಕಂತೀರಿ?"

"ಮ್ಯಾಲ ಮಾರ್ಕ್ ಇಲ್ಲ. ಇದು ನೋಡ್ರಿ, ಕಂಪನಿದು" ಎಂದು ಚೀಲದೊಳಗಿನ ಹಳೆಯದನ್ನು ಕೊಟ್ಟೆ.

"ಮಾರ್ಕ್ ನೋಡಿ ಪೆಟ್ರೋಲ್ ನಿಲ್ತೈತೇನ್ರಿ ಸಾಹೇಬ್ರ?" ಎಂದ. ಹಳೆಯದರ ಬಾಯೊಳಗೆ ಕಿರುಬೆರಳು ಹಾಕಿ ತಿರುವಿದ. "ಇದು ಸೋರತಿತ್ತೇನು?"

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಬಾದಾಮಿಯ ವಿಭೂತಿಯ ಮಾತನ್ನು, ಕಪ್ಪು ಗೆರೆಯ ಮಾತನ್ನು ನಾನು ಅವನಿಗೆ ಹೇಳಲಿಲ್ಲ. "ಇಲ್ಲ, ಸೋರತಿದ್ದದ್ದು ಹಿಂದಿನ ರಬ್ಬರ್ ಪೈಪು. ಇದನ್ನ ಸುಮ್ನ ಬದಲಿ ಮಾಡ್ಯಾರ" ಎಂದೆ. ಶಾರದಾ ಕಾರಿನಲ್ಲಿ ಕಣ್ಣು ಮುಚ್ಚಿದ್ದಳು, ಕೇಳಿಸಿಕೊಳ್ಳಲಿಲ್ಲ.

ದಾವಲಸಾಬ ಹಳೆಯದನ್ನು ಒರೆಸಿ ಕೂಡಿಸಿದ. ಟಿಕ್ ಎನ್ನುವ ಸಪ್ಪಳ ಬಂತೋ ಇಲ್ಲವೋ ನಾನು ಕಿವಿಗೊಡಲಿಲ್ಲ, ಮುದ್ರೆ ಮೇಲ್ಮುಖವಾಗಿ ಕಾಣುತ್ತಿತ್ತು. ಎಂಜಿನ್ ಚಾಲೂ ಮಾಡಿ ಎರಡು ನಿಮಿಷ ನೋಡಿದೆವು, ಒದ್ದೆ ಕಾಣಲಿಲ್ಲ.

"ಈಗ ಹಿಡದೈತಿ. ಆದ್ರ ನಂಗ ಸ್ವಲ್ಪ ಸಡ್ಲ ಅನಸ್ತದ. ನಿಮ್ಮ ಮಾತಿಗೆ ಹಾಕೇನಿ" ಎಂದು ದಾವಲಸಾಬ ಹೊಸ ಕನೆಕ್ಟರನ್ನು ಚೀಲದಲ್ಲಿ ಹಾಕಿ ಕೊಟ್ಟ. "ಹೊಸಾದು ಒಗೀಬ್ಯಾಡ್ರಿ. ನನ್ನ ನಂಬರ್ ತಗೋರಿ, ವಾಸನಿ ಬಂದ್ರ ಗಾಡಿ ನಿಂದರ್ಸಿ ಫೋನ್ ಮಾಡ್ರಿ."

ಇಳಕಲ್ಲು ಅಲ್ಲಿಂದ ಹದಿಮೂರು ಹದಿನಾಲ್ಕು ಕಿಲೋಮೀಟರು. ನಾಲ್ಕಕ್ಕೆ ಬೀಗರ ಮನೆ ಮುಟ್ಟಿದೆವು. ಓಣಿಯಲ್ಲಿ ಎರಡು ಮನೆಗಳಿಂದ ಇನ್ನೂ ಮಗ್ಗದ ಲಟಪಟ ಕೇಳುತ್ತಿತ್ತು. ಗೌರಿ ಬಾಗಿಲಿಗೆ ಬಂದಳು, ಮುಖ ತುಂಬಿತ್ತು, ಕಾಲು ತುಸು ಬಾತಿದ್ದವು. ನನ್ನನ್ನು ನೋಡಿದವಳೇ "ಅಪ್ಪಾ, ಬರೂ ದಾರ್‍ಯಾಗ ಎಷ್ಟ ಮಂದೀ ಕೂಡ ಜಗಳಾಡಿದಿ?" ಎಂದು ಕೇಳಿದಳು.

"ಇಬ್ರು ಮೆಕ್ಯಾನಿಕ್, ಒಬ್ಬ ಕರದಂಟಿನವ" ಎಂದು ಶಾರದಾ ಒಳಗೆ ಹೋಗುತ್ತಲೇ ಲೆಕ್ಕ ಒಪ್ಪಿಸಿದಳು. ಬೀಗರು ನಕ್ಕರು, ನಾನೂ ನಕ್ಕೆ. ಸಂಜೆ ಹೆಂಗಸರು ಗೌರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಕುಬುಸದ ಕಾರ್ಯ ಮಾಡಿದರು. ಊಟಕ್ಕೆ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಬದನೆಕಾಯಿ ಇತ್ತು. ನಾನು ಹೊಟ್ಟೆತುಂಬ ಉಂಡು, ಮಗಳ ಗಾಡಿಯಲ್ಲಿ ಅಸಲಿ ಸಾಮಾನಿದೆಯೆಂಬ ಸಮಾಧಾನದಿಂದ ಮಲಗಿದೆ.

ಮರುದಿನ ಹತ್ತೂವರೆಗೆ, ಒಳ್ಳೆಯ ಹೊತ್ತು ನೋಡಿ ಹೊರಟೆವು. ಗೌರಿ ಹಿಂದೆ ತಾಯಿಯ ಪಕ್ಕದಲ್ಲಿ ದಿಂಬಿಗೆ ಒರಗಿ ಕುಳಿತಳು. ಹೆದ್ದಾರಿಗೆ ಬಂದು ಏಳೆಂಟು ಕಿಲೋಮೀಟರು ಆಗಿರಬೇಕು. ಬಿಸಿಲು ಚುರುಕಾಗಿತ್ತು, ಲಾರಿಗಳ ಧೂಳಿಗೆಂದು ಗಾಜು ಏರಿಸಿದ್ದೆವು. ತಾಯಿ ಮಗಳು ಹುಟ್ಟುವ ಕೂಸಿನ ಹೆಸರಿನ ಚರ್ಚೆಯಲ್ಲಿದ್ದರು. ನಡುವೆಯೇ ಗೌರಿಯ ಮಾತು ನಿಂತಿತು.

"ಅಪ್ಪಾ, ಗಾಡಿ ನಿಂದರ್ಸು. ಪೆಟ್ರೋಲ್ ವಾಸನಿ ಹೊಡ್ಯಾಕತ್ತೈತಿ. ನಂಗ ಓಕರಿಕಿ ಬರಾಕತ್ತೈತಿ."

ನನ್ನ ಮೂಗಿಗೂ ಅದೇ ಗಳಿಗೆಗೆ ಬಂತು. ಗಾಡಿಯನ್ನು ರಸ್ತೆಯ ಅಂಚಿಗೆ ಇಳಿಸಿ ಚಾವಿ ಕಿತ್ತೆ. ಗೌರಿ ಕೆಳಗಿಳಿದು, ಬಗ್ಗಿ, ಬೆಳಗ್ಗೆ ತಿಂದದ್ದನ್ನೆಲ್ಲ ಕಾರಿಕೊಂಡಳು. ಶಾರದಾ ಅವಳ ಬೆನ್ನು ಹಿಡಿದಿದ್ದಳು. ಐವತ್ತು ಹೆಜ್ಜೆ ದೂರದಲ್ಲಿ ಒಂದು ಜಾಲಿಗಿಡವಿತ್ತು. "ಅಲ್ಲಿಗೆ ಹೋಗ್ರಿ, ದೂರ ಹೋಗ್ರಿ" ಎಂದು ಇಬ್ಬರನ್ನೂ ಕಳಿಸಿದೆ. ಶಾರದಾ ಅವಳ ತೋಳು ಹಿಡಿದು ನಡೆಸಿಕೊಂಡು ಹೋದಳು.

ಬಾನೆಟ್ ಎತ್ತಿದೆ. ಬಿಸಿ ಗಾಳಿಯ ಜೊತೆ ವಾಸನೆ ಮುಖಕ್ಕೆ ರಾಚಿತು. ಎಲ್ಲಿ ಸೋರುತ್ತಿದೆಯೆಂದು ಕಣ್ಣಿಗೆ ಕಾಣಲಿಲ್ಲ. ಪೈಪುಗಳೆಲ್ಲ ಒಣಗಿದಂತೆಯೇ ಇದ್ದವು. ಬಗ್ಗಿ ನೋಡುತ್ತಿರುವಾಗ ಹಿಂದಿನಿಂದ "ಏನಾತ್ರಿ?" ಎಂಬ ದನಿ ಬಂತು. ಆಡು ಕಾಯುವ ಹಿರಿಯನೊಬ್ಬ ನನ್ನ ಭುಜದ ಹತ್ತಿರ ನಿಂತಿದ್ದ, ಬಾಯಲ್ಲಿ ಹೊತ್ತಿದ ಬೀಡಿ.

"ಬೀಡಿ! ಬೀಡಿ ಒಗೀರಿ ಅತ್ತಾಗ!" ಎಂದು ನಾನು ಕೂಗಿದ ಕೂಗಿಗೆ ಆಡುಗಳು ಚದುರಿದವು. ಆತ ಬೆದರಿ ಹತ್ತು ಮಾರು ಹಿಂದೆ ಓಡಿ, ಬೀಡಿಯನ್ನು ಕಾಲಲ್ಲಿ ಹೊಸಕಿ, ಕೈ ಮುಗಿದು ನಿಂತ. ಕೈ ಮುಗಿಯಬೇಕಾದವನು ನಾನಾಗಿದ್ದೆ.

ಎಂಜಿನ್ ತಣ್ಣಗಾಗಲೆಂದು ಕಾದೆ. ಸಂಗಪ್ಪ ಅರ್ಧ ತಾಸು ಕಾದದ್ದು ಕಾಲ ಕಳೆಯಲಿಕ್ಕಲ್ಲ ಎಂದು ಆಗ ತಿಳಿಯಿತು. ಆಮೇಲೆ ಜಾಲಿಗಿಡದ ಹತ್ತಿರ ಹೋಗಿ ಶಾರದಾಳಿಗೆ, "ನಿನ್ನ ಚೀಲದಾಗ ಈಬತ್ತಿ ಐತೇನು?" ಎಂದು ಕೇಳಿದೆ. ಪ್ರಯಾಣಕ್ಕೆ ಹೊರಟರೆ ಅವಳು ವಿಭೂತಿ ಇಲ್ಲದೆ ಹೊಸಿಲು ದಾಟುವವಳಲ್ಲ. ಬನಶಂಕರಿಯ ಕುಂಕುಮದ ಪೊಟ್ಟಣದ ಪಕ್ಕದಿಂದ ಬಿಳಿಯ ಗಟ್ಟಿ ತೆಗೆದು ಕೊಟ್ಟಳು.

ಅರಿವೆಯಿಂದ ಪೈಪುಗಳನ್ನು ಒರೆಸಿ, ಗಟ್ಟಿಯನ್ನು ಬೆರಳಿನಿಂದ ಉಜ್ಜಿ ಉದುರಿಸಿದೆ. ನನ್ನ ಬೆರಳು ಒಣಗಿತ್ತು. ಅದನ್ನು ನಾನೇ ಎರಡು ಸಲ ನೋಡಿಕೊಂಡೆ. ಎಂಜಿನ್ ಚಾಲೂ ಮಾಡದೆ ಚಾವಿ ತಿರುವಿದೆ. ಗುಂಯ್ ಎಂದಿತು. ಮತ್ತೆ ತಿರುವಿದೆ, ಇನ್ನೊಮ್ಮೆ ತಿರುವಿದೆ. ಚಾವಿ ತೆಗೆದು ಬಂದು ನೋಡಿದೆ.

ಸಂಗಪ್ಪ ಬದಲಿಸಿದ ಹಿಂದಿನ ರಬ್ಬರ್ ಪೈಪಿನ ಮೇಲೆ ಬೂದಿ ಬೆಳ್ಳಗೇ ಇತ್ತು. ನಾನು ಹಟ ಹಿಡಿದು ಹಾಕಿಸಿದ ಹಳೆಯ ಕನೆಕ್ಟರಿನ ಕುತ್ತಿಗೆಗೆ ಕಪ್ಪು ಗೆರೆ ಬಂದಿತ್ತು. ಬಾದಾಮಿಯಲ್ಲಿ ಕಂಡ ಅದೇ ಗೆರೆ, ಅದೇ ಜಾಗ. ನಾನು ನೋಡುತ್ತಿದ್ದಂತೆಯೇ ಗೆರೆ ದಪ್ಪವಾಗಿ, ಒಂದು ಹನಿ ಕೂಡಿ, ಕಂಪನಿಯ ಉಬ್ಬಕ್ಷರದ ಮೇಲಿಂದ ಜಾರಿ ಕೆಳಗೆ ಬಿತ್ತು. ಅದು ಬಿದ್ದ ಜಾಗಕ್ಕೂ, ಗಾಡಿ ಓಡುವಾಗ ಕೆಂಡದಂತೆ ಕಾಯುವ ಹೊಗೆ ಕೊಳವೆಯ ಕಬ್ಬಿಣಕ್ಕೂ ನಡುವೆ ಎರಡು ಬೆರಳಿನ ಅಂತರವಿತ್ತು.

ನನಗೆ ಹೆದರಿಕೆಯಾಯಿತು. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಜಾಲಿಗಿಡದ ಕಡೆ ನೋಡಿದೆ. ಗೌರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು, ಹೊಸ ಹಸಿರು ಬಳೆ ಬಿಸಿಲಿಗೆ ಹೊಳೆಯುತ್ತಿದ್ದವು. ಅಡತಿ ಅಂಗಡಿಗಳಲ್ಲಿ ಎಷ್ಟು ಸಲ ಹೇಳಿದ್ದೆ, "ಮುದ್ರಿ ಇದ್ರೇನು, ಕಲ್ಲು ಸವದೈತಲ್ಲ!" ಎಂದು. ಉಳಿ ಹಚ್ಚಿ ಎಷ್ಟು ಮುದ್ರೆ ಅಳಿಸಿದ್ದೆ. ಸಂಗಪ್ಪನ ಇಕ್ಕಳ ಮಾಡುತ್ತಿದ್ದದ್ದೂ ಅದೇ ಕೆಲಸ. ನಾನು ಅವನ ಕೈ ಹಿಡಿದಿದ್ದೆ.

ದಾವಲಸಾಬನಿಗೆ ಫೋನ್ ಮಾಡಿದೆ. "ಚಾವಿ ಮುಟ್ಟಬ್ಯಾಡ್ರಿ, ಬಂದೆ" ಎಂದ. ಇಪ್ಪತ್ತೇ ನಿಮಿಷದಲ್ಲಿ ಹುನಗುಂದದಿಂದ ಬೈಕಿನ ಮೇಲೆ ಬಂದ. ಬಾನೆಟ್ಟಿನೊಳಗೆ ಬಗ್ಗಿ ಬೂದಿಯನ್ನೂ ಕಪ್ಪು ಗೆರೆಯನ್ನೂ ನೋಡಿ ನನ್ನ ಕಡೆ ತಿರುಗಿದ.

"ಈಬತ್ತಿ ಹಚ್ಚಿ ನೋಡೂದು ನಿಮಗ ಯಾರು ಹೇಳಿಕೊಟ್ರು?"

ಎಲ್ಲವನ್ನೂ ಹೇಳಿದೆ. ಬಾದಾಮಿಯ ಸಂಗಪ್ಪ ಗೆರೆ ತೋರಿಸಿದ್ದು, ನಾನು ಅವನ ಬೆರಳನ್ನು ಅನುಮಾನಿಸಿದ್ದು, ನಿನ್ನೆ ದಾವಲಸಾಬನಿಗೇ ಸುಳ್ಳು ಹೇಳಿದ್ದು. ಶಾರದಾ ಹಿಂದೆ ಬಂದು ನಿಂತು ಕೇಳುತ್ತಿದ್ದಳು.

"ನಿನ್ನೆ ಹೇಳಿದ್ರ ನಾ ಕೈನ ಹಚ್ಚತಿದ್ದಿಲ್ರಿ" ಎಂದಷ್ಟೇ ಹೇಳಿದ ದಾವಲಸಾಬ. ಬ್ಯಾಟರಿ ವೈರು ಬಿಚ್ಚಿ ಕೆಲಸಕ್ಕೆ ಇಳಿದ. ಹಳೆಯದನ್ನು ತೆಗೆಯಲು ಅವನಿಗೆ ಜೋರು ಮಾಡಬೇಕಾಗಲಿಲ್ಲ, ಬೆರಳಲ್ಲಿ ಎಳೆದರೆ ಬಂತು. ಚೀಲದಿಂದ ಹೊಸದನ್ನು ತೆಗೆದು ಕೂಡಿಸಿದ. ಟಿಕ್ ಎಂದಿತು. ಈ ಸಲ ಕಿವಿಗೊಟ್ಟು ಕೇಳಿದೆ.

"ಅಕ್ಕಾರ, ಸ್ವಲ್ಪ ಈಬತ್ತಿ ಕೊಡ್ರಿ" ಎಂದು ಅವನೇ ಶಾರದಾಳ ಮುಂದೆ ಕೈ ಚಾಚಿದ. ಮತ್ತೆ ಬೂದಿ, ಮತ್ತೆ ಚಾವಿ, ಕಾಲು ತಾಸು ಎಂಜಿನ್ ಓಡಿಸಿ ಕಾಯಿಸಿ ನೋಡಿದ. ಬೆಳ್ಳಗಿದ್ದದ್ದು ಬೆಳ್ಳಗೇ ಇತ್ತು. ಆಮೇಲೆ ಹಳೆಯ ಕನೆಕ್ಟರನ್ನು ನನ್ನ ಮುಂದೆ ಹಿಡಿದ. "ತಗೋರಿ, ನಿಮ್ದು ಸಾಮಾನು."

"ಇಕ್ಕಳ ಕೊಡ್ರಿ" ಎಂದೆ.

ಪ್ಲಾಸ್ಟಿಕ್ಕು ಗಟ್ಟಿಯಿತ್ತು, ಎರಡೂ ಕೈಯಿಂದ ಅದುಮಬೇಕಾಯಿತು. ಮುದ್ರೆಯ ನಡುವೆಯೇ ಇಕ್ಕಳ ಹಚ್ಚಿ ಕತ್ತರಿಸಿದೆ. ಎರಡು ತುಂಡಾದದ್ದನ್ನು ನಾಲ್ಕು ಮಾಡಿದೆ. ಬಂದು ನಿಂತಿದ್ದ ಗೌರಿ, "ಸಾಕು ಬಿಡಪ್ಪಾ, ಸತ್ತೈತದು" ಎಂದಳು. ಆಡಿನವನು ದೂರದಿಂದಲೇ ನಕ್ಕ. ಶಾರದಾ ನಗಲಿಲ್ಲ. ಆಡಿನವನಿಗೆ ಬುಟ್ಟಿಯಿಂದ ಕರಿಗಡಬು ಒಯ್ದು ಕೊಟ್ಟಳು. ಅಮೀನಗಡ ದಾಟುವವರೆಗೆ ನನ್ನ ಜೊತೆ ಮಾತಾಡಲಿಲ್ಲ, ಅದು ನನಗೆ ತಕ್ಕದ್ದೇ ಇತ್ತು. ದಾರಿಯುದ್ದಕ್ಕೂ ಗಾಜು ಇಳಿಸಿಕೊಂಡೇ ಬಂದೆವು. ಎರಡು ಕಡೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆ. ಹೊಸ ಕನೆಕ್ಟರಿನ ಮೇಲೆ ಯಾವ ಮುದ್ರೆಯೂ ಇರಲಿಲ್ಲ, ಬೂದಿ ಇತ್ತು.

ಎರಡೂವರೆಗೆ ನವನಗರದ ಮನೆ ಮುಟ್ಟಿದೆವು. ಶಾರದಾ ಗೌರಿಗೆ ದೃಷ್ಟಿ ತೆಗೆದು ಒಳಗೆ ಕರೆದುಕೊಂಡಳು. ನಾನು ಅಂಗಳದಲ್ಲೇ ನಿಂತು, ಅವಳ ಚೀಲದಿಂದ ಸಂಗಪ್ಪನ ಚೀಟಿ ಹುಡುಕಿ ತೆಗೆದು ಫೋನ್ ಮಾಡಿದೆ. ಹಿಂದೆ ಯಾವುದೋ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿತ್ತು. ಹುನಗುಂದದಲ್ಲಿ ಮಾಡಿದ್ದನ್ನೂ, ರಸ್ತೆಯ ಮೇಲೆ ಆದದ್ದನ್ನೂ ಒಂದೂ ಬಿಡದೆ ಹೇಳಿದೆ. ಬೈಯಲಿ ಎಂದು ಕಾದೆ. ಅವನು ಟ್ರ್ಯಾಕ್ಟರ್ ಬಂದ್ ಮಾಡಿಸಿದ.

"ಹಳೇದು ತುಂಡ ಮಾಡಿದ್ರಿಲ್ಲೋ?"

"ಮಾಡೇನಿ. ನಾನ ಮಾಡೇನಿ."

"ಹಂಗಾರ ಮುಗೀತು ಬಿಡ್ರಿ" ಎಂದ. ತುಸು ತಡೆದು, "ಮಗಳು ಸುಖರೂಪ ಮನಿ ಮುಟ್ಟಿದಳಿಲ್ಲೋ?" ಎಂದು ಕೇಳಿದ.

ನಾನು ಮಗಳ ಸುದ್ದಿಯನ್ನು ಅವನಿಗೆ ಎಂದೂ ಹೇಳಿರಲಿಲ್ಲ. ಇವನಿಗೆ ಹೇಗೆ ಗೊತ್ತು ಎಂದು ಹಳೆಯ ಚಟ ಒಂದು ಗಳಿಗೆ ತಲೆಯೆತ್ತಿತು. ಆಮೇಲೆ ನೆನಪಾಯಿತು. ನಾನು ಅವನ ಡಬ್ಬಿಯೊಳಗಿನ ತುಂಡುಗಳನ್ನು ಎಣಿಸುತ್ತಿದ್ದಾಗ, ಶಾರದಾ ಬೇವಿನ ಗಿಡದ ಕೆಳಗೆ ಕುಳಿತು ಎಲ್ಲರಿಗೂ ಗೌರಿಯ ವಿಷಯವನ್ನೇ ಹೇಳುತ್ತಿದ್ದಳು. ಅದಕ್ಕೂ ಮೊದಲು ಎಂಜಿನ್ ತಣಿಯಲೆಂದು ಅವನೂ ಅರ್ಧ ತಾಸು ಅದೇ ನೆರಳಲ್ಲಿ ಕುಳಿತಿದ್ದ. ಯಾರು ಆ ಗಾಡಿಯಲ್ಲಿ ಕೂಡ್ರುವವರು ಎಂಬುದು ಗೊತ್ತಿದ್ದೇ ಅವನು ಇಕ್ಕಳ ಕೈಗೆತ್ತಿಕೊಂಡಿದ್ದ.

"ಮುಟ್ಯಾಳ್ರಿ" ಎಂದೆ. ಫೋನನ್ನು ಒಳಗೆ ಒಯ್ದು ಗೌರಿಯ ಕೈಗೆ ಕೊಟ್ಟೆ.